ಒಂದೇ ಒಂದು ಪದಕ್ಕೆ ಆರು ವಾರ: ‘ಓನ್ಲಿ’ ಕೋರ್ಸ್ ಮುಗಿಸಿದ ಮೇಲೆ

‘ಐ ಸೆಂಟ್ ದ ರಿಪೋರ್ಟ್ ಅಟ್ ಟೆನ್ ಓನ್ಲಿ.’

ನಾನು ಈ ಕೋರ್ಸಿಗೆ ಸೇರಿದ್ದು ಈ ಒಂದು ವಾಕ್ಯದಿಂದ. ಯಂತ್ರಗಳ ಸರ್ವಿಸ್ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಪಂಪು, ವಾಲ್ವು, ಫಿಲ್ಟರು, ಪ್ರೆಷರ್ ಗೇಜು. ಯಾವುದು ಕೆಟ್ಟಿತ್ತು, ಏನು ಮಾಡಿದೆವು, ಮುಂದೆ ಏನು ಮಾಡಬೇಕು ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆದು, ನನ್ನ ಮುಖವನ್ನೇ ನೋಡದ ಇನ್ನೊಂದು ತಂಡಕ್ಕೆ ಕಳಿಸಬೇಕು. ಒಂದು ದಿನ ರಿಪೋರ್ಟ್ ಸಮಯಕ್ಕೆ ಸಿಗಲಿಲ್ಲ ಅಂತ ಆ ಕಡೆಯಿಂದ ದೂರು ಬಂತು. ಗಡುವು ‘ಬೆಳಿಗ್ಗೆ’ ಅಂತಷ್ಟೇ ಇತ್ತು. ನಾನು ಕಳಿಸಿದ್ದು ಹತ್ತಕ್ಕೆ. ‘ಹತ್ತಕ್ಕೇ ಕಳಿಸಿಬಿಟ್ಟಿದ್ದೆನಲ್ಲ’ ಅನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು. ಅದನ್ನೇ ಇಂಗ್ಲಿಷಿಗೆ ಇಳಿಸಿ ಮೇಲಿನ ವಾಕ್ಯ ಬರೆದೆ.

ಮರುದಿನ ಬಂದ ಉತ್ತರದ ಸಾರ ಇಷ್ಟು: ಹತ್ತರವರೆಗೆ ಕಳಿಸಿರಲಿಲ್ಲ ಅಂತ ನೀವೇ ಒಪ್ಪಿಕೊಂಡಿದ್ದೀರಿ, ಇನ್ನು ಮುಂದೆ ಎಂಟಕ್ಕೆ ಕಳಿಸಿ. ನಾನು ಸಮರ್ಥನೆ ಅಂತ ಬರೆದದ್ದು ಅವರ ಕಣ್ಣಿಗೆ ತಪ್ಪೊಪ್ಪಿಗೆಯಾಗಿತ್ತು. ಅವರ ಮೇಲೆ ಎರಡು ದಿನ ಸಿಟ್ಟಿತ್ತು. ಅವರು ಓದಿದ್ದು ಸರಿಯಾಗಿಯೇ ಇತ್ತು ಅಂತ ತಿಳಿದದ್ದು ಕೋರ್ಸಿನ ನಾಲ್ಕನೇ ಪಾಠದಲ್ಲಿ. ಆ ಪಾಠದ ವಿಷಯ ಮುಂದೆ ಹೇಳುತ್ತೇನೆ, ಇಡೀ ಕೋರ್ಸಿನ ಜೀವ ಇರುವುದು ಅಲ್ಲೇ.

ಮೊದಲು ಕೋರ್ಸಿನ ರೂಪ. ‘ಓನ್ಲಿ’ ಅನ್ನುವ ಒಂದು ಕ್ರಿಯಾವಿಶೇಷಣಕ್ಕೆ ಆರು ವಾರ, ಹನ್ನೆರಡು ರೆಕಾರ್ಡ್ ಮಾಡಿದ ಪಾಠ. ಒಂದೊಂದು ಪಾಠ ಹದಿನೈದರಿಂದ ಇಪ್ಪತ್ತು ನಿಮಿಷ. ಪಾಠ ಮುಗಿದ ಕೂಡಲೇ ಒಂದು ಕ್ವಿಜ್. ವಾರಕ್ಕೊಮ್ಮೆ ಒಂದು ಗಂಟೆ ಆನ್‌ಲೈನ್‌ನಲ್ಲಿ ನೇರ ತರಗತಿ. ಇದಲ್ಲದೆ ನಾವೇ ಬರೆದ ಒಂದು ಪುಟವನ್ನು ವಾರಕ್ಕೊಂದರಂತೆ ಕಳಿಸಿದರೆ ಟೀಚರ್ ತಿದ್ದಿ ಕೊಡುತ್ತಾರೆ. ಕಲಿಸುವವರು ಕನ್ನಡದವರೇ, ಪಾಠ ಕನ್ನಡದಲ್ಲೇ. ಹೊಗಳಿಕೆಯ ಜೊತೆ ಒಂದೆರಡು ಗಟ್ಟಿ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಇಂಥ ಕೋರ್ಸ್ ಎದುರಾದರೆ ಏನನ್ನು ನೋಡಿ ಸೇರಬೇಕು ಅನ್ನುವುದು ಓದುವವರಿಗೆ ತಿಳಿದರೆ ಸಾಕು.

ಒಂದು ಪದಕ್ಕೆ ಆರು ವಾರ ಯಾಕೆ ಅಂತ ಸೇರುವ ಮೊದಲು ನನಗೂ ಅನ್ನಿಸಿತ್ತು. ಮೊದಲ ಪಾಠದಲ್ಲಿ ಆ ಪ್ರಶ್ನೆ ಹೋಯಿತು. ಟೀಚರ್ ವ್ಯಾಖ್ಯಾನದಿಂದ ಶುರು ಮಾಡಲಿಲ್ಲ. ಎಂಟು ಕನ್ನಡ ವಾಕ್ಯ ಕೊಟ್ಟು, ‘ಇವನ್ನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ವಿಡಿಯೋ ಮುಂದುವರಿಸಿ’ ಅಂದರು. ನಾನೇ ಮಾಡಿದೆ. ಇಲ್ಲೇ ಇದೆ. ಈಗಲೇ ಬಾ. ಅದೇ ದಿನ ಹೊರಟೆವು. ಅವನು ಇರೋದೇ ಹಾಗೆ. ಅವಳು ಫೋನೇ ಮಾಡಲಿಲ್ಲ. ಮೂರೇ ದಿನ ಉಳಿದಿದೆ. ಆರು ಗಂಟೆಗೇ ಬಂದ.

ನಾನು ಆರು ವಾಕ್ಯಗಳಲ್ಲಿ ‘ಓನ್ಲಿ’ ಹಾಕಿದ್ದೆ. ‘ಈಗಲೇ ಬಾ’ ಅನ್ನುವುದಕ್ಕೆ ‘ನೌ ಇಟ್‌ಸೆಲ್ಫ್’ ಅಂತ ಬರೆದಿದ್ದೆ. ಫೋನಿನ ವಾಕ್ಯಕ್ಕೆ ‘ಈವನ್’ ಬಳಸಿದ್ದೆ, ಅದು ಸರಿಯಿತ್ತು. ಆ ಆರರಲ್ಲಿ ‘ಓನ್ಲಿ’ ನಿಜವಾಗಿ ಬೇಕಾಗಿದ್ದದ್ದು ಒಂದೇ ಒಂದು ವಾಕ್ಯಕ್ಕೆ: ಮೂರೇ ದಿನ ಉಳಿದಿದೆ. ಉಳಿದ ಐದರಲ್ಲೂ ನಾನು ನಮ್ಮ ‘ಏ’ ಅನ್ನುವ ಒಂದಕ್ಷರವನ್ನು ಕಿತ್ತು, ಆ ಜಾಗದಲ್ಲಿ ‘ಓನ್ಲಿ’ ನೆಟ್ಟಿದ್ದೆ.

ಶಾಲೆಯ ವ್ಯಾಕರಣದಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯ ಅಂತ ಓದಿದ್ದೇವೆ. ಪರೀಕ್ಷೆಗೆ ಬರೆದು ಮರೆತ ಹೆಸರು. ಆ ಪುಟ್ಟ ‘ಏ’ ಎಷ್ಟು ಕೆಲಸ ಮಾಡುತ್ತದೆ ಅಂತ ಬದುಕಿನಲ್ಲಿ ಮೊದಲ ಸಲ ನಿಂತು ನೋಡಿದೆ. ‘ನಾನೇ ಮಾಡಿದೆ’ ಅಂದಾಗ ಅದು ‘ಬೇರೆಯವರಲ್ಲ, ಸ್ವತಃ ನಾನು’ ಅನ್ನುತ್ತದೆ. ಇಂಗ್ಲಿಷಿನಲ್ಲಿ ‘ಐ ಡಿಡ್ ಇಟ್ ಮೈಸೆಲ್ಫ್’. ‘ಇಲ್ಲೇ ಇದೆ’ ಅಂದಾಗ ‘ಸರಿಯಾಗಿ ಈ ಜಾಗದಲ್ಲಿ’. ಅದಕ್ಕೆ ‘ರೈಟ್ ಹಿಯರ್’. ‘ಈಗಲೇ’ ಅಂದರೆ ‘ರೈಟ್ ನೌ’. ‘ಅದೇ ದಿನ’ ಅಂದರೆ ‘ದಟ್ ವೆರಿ ಡೇ’ ಅಥವಾ ‘ದ ಸೇಮ್ ಡೇ’. ‘ಅವನು ಇರೋದೇ ಹಾಗೆ’ ಅನ್ನುವುದಕ್ಕೆ ನಾವೆಲ್ಲ ಹೇಳುವ ‘ಹಿ ಈಸ್ ಲೈಕ್ ದಟ್ ಓನ್ಲಿ’ ಬದಲು ‘ದಟ್ಸ್ ಹೌ ಹಿ ಈಸ್’ ಸಾಕು. ನಮ್ಮಲ್ಲಿ ಒಂದೇ ಪ್ರತ್ಯಯ ಹೊರುವ ಹೊರೆಯನ್ನು ಇಂಗ್ಲಿಷ್ ಐದಾರು ಪದಗಳಿಗೆ ಹಂಚಿದೆ. ಎಷ್ಟೋ ಸಲ ಪದವೇ ಬೇಡ, ದನಿ ಏರಿಸಿದರೆ ಮುಗಿಯಿತು.

ಹಾಗಾದರೆ ‘ಓನ್ಲಿ’ ಯಾವಾಗ ಸರಿ? ಟೀಚರ್ ಕೊಟ್ಟ ಪರೀಕ್ಷೆ ಬಹಳ ಸರಳ. ವಾಕ್ಯದಿಂದ ‘ಏ’ ತೆಗೆದು ‘ಮಾತ್ರ’ ಹಾಕಿ ನೋಡಿ. ಅರ್ಥ ಉಳಿದರೆ ‘ಓನ್ಲಿ’, ಅರ್ಥ ಬದಲಾದರೆ ಬೇರೆ ದಾರಿ. ‘ಮೂರೇ ದಿನ ಉಳಿದಿದೆ’, ‘ಮೂರು ದಿನ ಮಾತ್ರ ಉಳಿದಿದೆ’: ಎರಡೂ ಒಂದೇ. ‘ಇಲ್ಲೇ ಇದೆ’, ‘ಇಲ್ಲಿ ಮಾತ್ರ ಇದೆ’: ಎರಡನೆಯದು ಬೇರೆಲ್ಲೂ ಇಲ್ಲ ಅನ್ನುತ್ತಿದೆ, ಮೊದಲನೆಯದು ಹಾಗೆ ಹೇಳಿರಲೇ ಇಲ್ಲ. ನಾನು ಈಗಲೂ ಮೇಲ್ ಬರೆಯುವಾಗ ಮನಸ್ಸಿನಲ್ಲೇ ಈ ಪರೀಕ್ಷೆ ಮಾಡುತ್ತೇನೆ. ಕಾಲು ನಿಮಿಷದ ಕೆಲಸ.

ಈ ಪರೀಕ್ಷೆ ಎಲ್ಲ ಕಡೆಯೂ ನಿಲ್ಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಎರಡನೇ ವಾರದ ನೇರ ತರಗತಿಯಲ್ಲಿ ನಾನು ಕೇಳಿದೆ: ‘ಯಾರು ಏನಾದರೂ ಅನ್ನಲಿ, ನಾನು ಮಾತ್ರ ಒಪ್ಪಲ್ಲ’ ಅಂತೀವಲ್ಲ, ಅಲ್ಲಿ ‘ಮಾತ್ರ’ ಇದೆ, ಅದು ‘ಓನ್ಲಿ’ ಆಗುತ್ತದಾ? ಟೀಚರ್ ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಯೋಚಿಸಿ, ಆ ‘ಮಾತ್ರ’ ಲೆಕ್ಕ ಹಾಕುತ್ತಿಲ್ಲ, ಮಿಕ್ಕವರಿಂದ ನನ್ನನ್ನು ಬೇರೆ ನಿಲ್ಲಿಸುತ್ತಿದೆ ಅಷ್ಟೇ, ಬೇರೆ ಯಾರೂ ಒಪ್ಪದೇ ಇರಬಹುದು, ಅದು ಮುಖ್ಯವಲ್ಲ, ಆದ್ದರಿಂದ ‘ಐ ಫಾರ್ ಒನ್ ವೋಂಟ್ ಅಗ್ರೀ’ ಅನ್ನಿ ಅಂದರು. ಗೊತ್ತಿದ್ದವರಂತೆ ಹಾರಿಸದೆ ಯೋಚಿಸಿ ಉತ್ತರ ಕೊಡುವ ಟೀಚರ್ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿ.

ಇನ್ನು ನಾಲ್ಕನೇ ಪಾಠ. ವಿಷಯ: ಗಂಟೆ, ದಿನ, ತಾರೀಖುಗಳ ಜೊತೆ ‘ಓನ್ಲಿ’. ‘ಆರು ಗಂಟೆಗೇ ಬಂದ’ ಅಂದರೆ ಕನ್ನಡದಲ್ಲಿ ಬೇಗ ಬಂದ ಅಂತ. ಅಷ್ಟು ಬೇಗ ಬರುತ್ತಾನೆ ಅಂದುಕೊಂಡಿರಲಿಲ್ಲ. ‘ಹಿ ಕೇಮ್ ಓನ್ಲಿ ಅಟ್ ಸಿಕ್ಸ್’ ಅಂದರೆ ಇಂಗ್ಲಿಷಿನಲ್ಲಿ ತಡವಾಗಿ ಬಂದ ಅಂತ. ಆರರವರೆಗೆ ಬರಲೇ ಇಲ್ಲ, ಅದಕ್ಕೂ ಮುಂಚೆ ಬರಬೇಕಿತ್ತು. ನಮ್ಮ ‘ಏ’ ಗಡಿಯಾರದ ಮುಳ್ಳನ್ನು ಒಂದು ಕಡೆ ತಳ್ಳಿದರೆ ಅವರ ‘ಓನ್ಲಿ’ ಅದನ್ನು ಇನ್ನೊಂದು ಕಡೆ ತಳ್ಳುತ್ತದೆ. ಬೇರೆ ಕಡೆಗಳಲ್ಲಿ ‘ಓನ್ಲಿ’ ತಪ್ಪಾಗಿ ಹಾಕಿದರೆ ಕೇಳುವವರಿಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ಆದರೂ ವಿಷಯ ತಲುಪುತ್ತದೆ. ಗಂಟೆಯ ಪಕ್ಕದಲ್ಲಿ ಹಾಕಿದರೆ ಅರ್ಥವೇ ತಿರುಗಿ ನಿಲ್ಲುತ್ತದೆ.

ಆ ವಿಡಿಯೋವನ್ನು ಅಲ್ಲೇ ನಿಲ್ಲಿಸಿ ನನ್ನ ಹಳೆಯ ಮೇಲ್ ತೆಗೆದು ನೋಡಿದೆ. ‘ಅಟ್ ಟೆನ್ ಓನ್ಲಿ.’ ನಾನು ಬರೆಯಬೇಕಾಗಿದ್ದದ್ದು ‘ಐ ಹ್ಯಾಡ್ ಆಲ್ರೆಡಿ ಸೆಂಟ್ ದ ರಿಪೋರ್ಟ್ ಬೈ ಟೆನ್’. ಬೇಗ ಅನ್ನುವುದನ್ನು ಇನ್ನೂ ಒತ್ತಿ ಹೇಳಬೇಕಿದ್ದರೆ ‘ಆಸ್ ಅರ್ಲಿ ಆಸ್ ಟೆನ್’. ತಡ ಅನ್ನುವುದಕ್ಕೆ ‘ಓನ್ಲಿ ಅಟ್ ಟೆನ್’ ಅಥವಾ ‘ನಾಟ್ ಅಂಟಿಲ್ ಟೆನ್’. ಇಷ್ಟು ವರ್ಷದಲ್ಲಿ ಎಷ್ಟು ರಿಪೋರ್ಟುಗಳಲ್ಲಿ, ಎಷ್ಟು ಜನರ ಕೆಲಸದ ವಿಷಯದಲ್ಲಿ, ‘ಬೇಗ ಮುಗಿಸಿದರು’ ಅನ್ನುವ ಮೆಚ್ಚುಗೆಯನ್ನು ‘ತಡ ಮಾಡಿದರು’ ಅನ್ನುವ ದೂರಾಗಿ ಕಳಿಸಿರಬಹುದು ಅಂತ ನೆನೆದು ನಿಜಕ್ಕೂ ಬೇಸರವಾಯಿತು. ಈ ಒಂದು ಪಾಠ ಬೇರೆಯಾಗಿ ಸಿಗುವುದಾದರೆ, ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಪ್ರತಿಯೊಬ್ಬ ಕನ್ನಡಿಗರಿಗೂ ಇದನ್ನು ಕೇಳಿಸಬೇಕು ಅನ್ನುವುದು ನನ್ನ ಆಸೆ.

ಐದು ಮತ್ತು ಆರನೇ ಪಾಠ ಪದದ ಜಾಗದ ಬಗ್ಗೆ. ಕನ್ನಡದಲ್ಲಿ ‘ಏ’ ತನಗೆ ಸಂಬಂಧಪಟ್ಟ ಪದಕ್ಕೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಅದು ಯಾವುದಕ್ಕೆ ಸೇರಿದ್ದು ಅನ್ನುವ ಗೊಂದಲ ಬರುವುದು ಕಡಿಮೆ. ಇಂಗ್ಲಿಷಿನಲ್ಲಿ ‘ಓನ್ಲಿ’ ಬಿಡಿಯಾಗಿ ನಿಂತ ಪದ. ಎಲ್ಲಿ ನಿಲ್ಲಿಸುತ್ತೇವೋ ಅದರ ಮೇಲೆ ಅರ್ಥ. ನನ್ನ ಕೆಲಸದ್ದೇ ಒಂದು ವಾಕ್ಯ ಇಟ್ಟುಕೊಂಡು ಅಭ್ಯಾಸ ಮಾಡಿದೆ: ‘ದ ಎಂಜಿನಿಯರ್ ಚೆಕ್ಡ್ ಟೂ ವಾಲ್ವ್ಸ್ ಆನ್ ಮಂಡೇ.’ ಶುರುವಿನಲ್ಲಿ ‘ಓನ್ಲಿ’ ಇಟ್ಟರೆ ಎಂಜಿನಿಯರ್ ಬಿಟ್ಟು ಬೇರೆ ಯಾರೂ ನೋಡಿಲ್ಲ. ‘ಚೆಕ್ಡ್’ಗಿಂತ ಮುಂಚೆ ಇಟ್ಟು ಆ ಪದವನ್ನು ಒತ್ತಿ ಹೇಳಿದರೆ ನೋಡಿದ್ದಷ್ಟೇ, ರಿಪೇರಿ ಮಾಡಿಲ್ಲ. ‘ಟೂ’ಗಿಂತ ಮುಂಚೆ ಇಟ್ಟರೆ ಮೂರನೆಯದನ್ನು ಮುಟ್ಟಿಲ್ಲ. ‘ಆನ್ ಮಂಡೇ’ಗಿಂತ ಮುಂಚೆ ಇಟ್ಟರೆ ಸೋಮವಾರ ಬಿಟ್ಟು ಬೇರೆ ದಿನ ನೋಡಿಲ್ಲ, ಅಥವಾ ಸೋಮವಾರದವರೆಗೆ ನೋಡಲೇ ಇಲ್ಲ. ಒಂದು ಪದ ನಾಲ್ಕು ಹೆಜ್ಜೆ ನಡೆದರೆ ನಾಲ್ಕು ಬೇರೆ ಬೇರೆ ರಿಪೋರ್ಟು.

ನಾವು ‘ಓನ್ಲಿ’ಯನ್ನು ಕೊನೆಯಲ್ಲಿ ಇಡುವುದು ಎಲ್ಲಿಂದ ಬಂತು ಅನ್ನುವುದಕ್ಕೆ ಟೀಚರ್ ಹೇಳಿದ ಮೊದಲ ಕಾರಣ ಸ್ಪಷ್ಟ: ನಮ್ಮ ‘ಏ’, ‘ಮಾತ್ರ’ ಎರಡೂ ಪದಕ್ಕಿಂತ ಮುಂಚೆ ಬರುವುದಿಲ್ಲ, ಆದಮೇಲೆ ಬರುತ್ತವೆ. ಇದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ನಾವು ಇಂಗ್ಲಿಷಿನ ‘ಓನ್ಲಿ’ಯನ್ನು ಚಿಕ್ಕಂದಿನಿಂದ ನೋಡಿದ್ದು ಬೋರ್ಡುಗಳ ಮೇಲೆ. ‘ಸ್ಟಾಫ್ ಓನ್ಲಿ’, ‘ಎಕ್ಸಿಟ್ ಓನ್ಲಿ’, ಔಷಧಿ ಬಾಟಲಿಯ ಮೇಲೆ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’, ಚೆಕ್ಕಿನಲ್ಲಿ ಅಕ್ಷರದಲ್ಲಿ ಮೊತ್ತ ಬರೆದ ಮೇಲೆ ಕೊನೆಗೊಂದು ‘ಓನ್ಲಿ’. ಅಲ್ಲೆಲ್ಲ ಅದು ಕೊನೆಯಲ್ಲೇ ಇದೆ, ಅಲ್ಲೆಲ್ಲ ಅದು ಸರಿಯೂ ಹೌದು. ಬೋರ್ಡಿನ ವ್ಯಾಕರಣವನ್ನು ವಾಕ್ಯಕ್ಕೆ ತಂದದ್ದು ನಮ್ಮ ತೊಂದರೆ. ಈ ವಿಷಯ ಪಾಠದಲ್ಲಿ ಬರಲಿಲ್ಲ, ಬರಬೇಕಿತ್ತು.

ಈಗ ಮೊದಲ ದೂರು: ಕ್ವಿಜ್. ಪಾಠ ಮಾಡಿದ ಮನುಷ್ಯರೇ ಕ್ವಿಜ್ ಮಾಡಿದ್ದಾರೆ ಅಂತ ನನಗೆ ಅನ್ನಿಸಲೇ ಇಲ್ಲ. ‘ಐ ಓನ್ಲಿ ಹ್ಯಾವ್ ಟೂ ಟಿಕೆಟ್ಸ್’ ಅಂತ ಬರೆದರೆ ಕೆಂಪು ಗುರುತು. ‘ಐ ಹ್ಯಾವ್ ಓನ್ಲಿ ಟೂ ಟಿಕೆಟ್ಸ್’ ಮಾತ್ರ ಸರಿಯಂತೆ. ಇದು ಅನ್ಯಾಯ. ಇಂಗ್ಲಿಷ್ ತಾಯ್ನುಡಿಯಾಗಿರುವವರು ಮಾತಿನಲ್ಲಿ ಸಹಜವಾಗಿ ಹೇಳುವುದು ಮೊದಲನೆಯದನ್ನೇ. ಕ್ರಿಯಾಪದಕ್ಕಿಂತ ಮುಂಚೆ ‘ಓನ್ಲಿ’ ಇಟ್ಟು, ‘ಟೂ’ ಮೇಲೆ ಒತ್ತು ಕೊಡುತ್ತಾರೆ, ಯಾರಿಗೂ ಗೊಂದಲ ಆಗುವುದಿಲ್ಲ. ಈ ಜಗಳವೂ ಇಂದಿನದಲ್ಲ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲೇ ತಮ್ಮ ವ್ಯಾಕರಣದಲ್ಲಿ, ಮೂರೇ ಮಾತಾಡಿದೆ ಅನ್ನುವವರು ‘ಓನ್ಲಿ’ಯನ್ನು ಮಾತಾಡುವ ಕ್ರಿಯಾಪದದ ಪಕ್ಕ ಇಡಬಾರದು, ‘ಮೂರು’ ಅನ್ನುವುದರ ಪಕ್ಕ ಇಡಬೇಕು ಅಂತ ತಿದ್ದಿದ್ದರು. 1926ರಲ್ಲಿ, ಇಂಗ್ಲಿಷ್ ಬಳಕೆಯ ಹೆಸರಾಂತ ಕೈಪಿಡಿ ಬರೆದ ಫೌಲರ್ ಅದಕ್ಕೆ ಎದುರಾಗಿ ನಿಂತರು. ಅರ್ಥ ಕೆಡದಿದ್ದರೆ ‘ಓನ್ಲಿ’ಯನ್ನು ಅದರ ಸಹಜ ಜಾಗದಲ್ಲಿ ಬಿಡಿ, ಹಟ ಹಿಡಿದು ಎಳೆದಾಡಬೇಡಿ ಅನ್ನುವುದು ಅವರ ನಿಲುವು. ಟೀಚರ್ ನೇರ ತರಗತಿಯಲ್ಲಿ ಇದನ್ನೆಲ್ಲ ಚೆನ್ನಾಗಿ ವಿವರಿಸಿದರು. ಆದರೆ ಕ್ವಿಜ್ ಮಾತ್ರ 1762ರಲ್ಲೇ ನಿಂತಿದೆ. ತಪ್ಪಲ್ಲದ್ದನ್ನು ತಪ್ಪು ಅಂತ ತೋರಿಸಿದರೆ ಹೊಸದಾಗಿ ಕಲಿಯುವವರು ಬಾಯಿ ಬಿಡುವುದಕ್ಕೇ ಹೆದರುತ್ತಾರೆ. ನಮ್ಮ ಬ್ಯಾಚಿನಲ್ಲಿ ಒಬ್ಬರು ಮೂರನೇ ವಾರಕ್ಕೆ ಇದೇ ಕಾರಣಕ್ಕೆ ಬಿಟ್ಟರು, ನನಗೆ ಅದು ಈಗಲೂ ಬೇಜಾರು. ನಾನು ಎರಡು ಸಲ ಬರೆದು ತಿಳಿಸಿದೆ, ಕೋರ್ಸ್ ಮುಗಿಯುವವರೆಗೂ ಅದು ಬದಲಾಗಲಿಲ್ಲ.

ನಾನು ಪಾಲಿಸುತ್ತಿರುವ ಪದ್ಧತಿ ಹೀಗಿದೆ. ಮಾತಿನಲ್ಲಿ ದನಿ ಇರುತ್ತದೆ, ಆದ್ದರಿಂದ ‘ಓನ್ಲಿ’ ಕ್ರಿಯಾಪದಕ್ಕಿಂತ ಮುಂಚೆ ಇರಲಿ, ಯೋಚನೆ ಬೇಡ. ರಿಪೋರ್ಟು, ಸೂಚನೆ, ಯಂತ್ರದ ಮೇಲೆ ಅಂಟಿಸುವ ಚೀಟಿ, ಇವುಗಳಿಗೆ ದನಿಯಿಲ್ಲ, ಓದುವವರು ಮತ್ತೆ ಕೇಳುವ ಸ್ಥಿತಿಯಲ್ಲಿ ಇರುವುದೂ ಇಲ್ಲ. ಅಲ್ಲಿ ಯಾವ ಪದಕ್ಕೆ ಸಂಬಂಧವೋ ಅದರ ಮುಂಚೆಯೇ, ಮೈಗೆ ಮೈ ತಾಗಿಸಿ ಇಡಬೇಕು.

ಈ ಕೋರ್ಸಿನ ನಿಜವಾದ ಬೆಲೆ ಇರುವುದು ತಿದ್ದುವ ಕೆಲಸದಲ್ಲಿ. ಮೂರನೇ ವಾರ ನಾನು ಒಂದು ಹಳೆಯ ರಿಪೋರ್ಟಿನ ಪುಟ ಕಳಿಸಿದೆ. ಅದರಲ್ಲಿ ಮೂರು ‘ಓನ್ಲಿ’ ಇದ್ದವು. ಮೊದಲನೆಯದು: ‘ಓಪನ್ ದ ಡ್ರೇನ್ ವಾಲ್ವ್ ಆಫ್ಟರ್ ದ ಪ್ರೆಷರ್ ಕಮ್ಸ್ ಟು ಝೀರೋ ಓನ್ಲಿ.’ ಇದನ್ನು ‘ಓಪನ್ ದ ಡ್ರೇನ್ ವಾಲ್ವ್ ಓನ್ಲಿ ಆಫ್ಟರ್ ದ ಪ್ರೆಷರ್ ಫಾಲ್ಸ್ ಟು ಝೀರೋ’ ಅಂತ ತಿದ್ದಿ, ಪಕ್ಕದಲ್ಲಿ ‘ಇದು ಸುರಕ್ಷತೆಯ ಸೂಚನೆ, ಎಚ್ಚರಿಕೆಯ ಪದ ವಾಕ್ಯದ ಬಾಲದಲ್ಲಿ ಇದ್ದರೆ ಅಲ್ಲಿಗೆ ಕಣ್ಣು ಬರುವಷ್ಟರಲ್ಲಿ ಕೈ ವಾಲ್ವಿನ ಮೇಲೆ ಇರುತ್ತದೆ’ ಅಂತ ಬರೆದಿದ್ದರು. ಆ ಟಿಪ್ಪಣಿ ಓದಿ ಮೈ ಜುಮ್ಮೆಂದಿತು. ಒತ್ತಡ ಇಳಿಯುವ ಮೊದಲು ಡ್ರೇನ್ ತೆರೆದರೆ ಏನಾಗುತ್ತದೆ ಅನ್ನುವುದು ಪಂಪಿನ ಪಕ್ಕ ನಿಂತವರಿಗೆ ಗೊತ್ತು.

ಎರಡನೆಯದು: ‘ವಿ ಓನ್ಲಿ ಕ್ಲೀನ್ಡ್ ದ ಫಿಲ್ಟರ್.’ ನಾವೇ ಸ್ವಚ್ಛ ಮಾಡಿದೆವು, ಹೊರಗಿನವರನ್ನು ಕರೆಸಲಿಲ್ಲ ಅನ್ನುವುದು ನನ್ನ ಅರ್ಥ. ಬರೀ ಸ್ವಚ್ಛ ಮಾಡಿದೆವು, ಬದಲಾಯಿಸಲಿಲ್ಲ ಅನ್ನುವುದು ವಾಕ್ಯದ ಅರ್ಥ. ಆ ರಿಪೋರ್ಟಿಗೆ ‘ಫಿಲ್ಟರ್ ಯಾಕೆ ಬದಲಾಯಿಸಲಿಲ್ಲ’ ಅಂತ ಪ್ರಶ್ನೆ ಬಂದದ್ದು ಯಾಕೆ ಅಂತ ನನಗೆ ಆಗ ತಿಳಿದಿರಲಿಲ್ಲ. ‘ವಿ ಕ್ಲೀನ್ಡ್ ದ ಫಿಲ್ಟರ್ ಅವರ್‌ಸೆಲ್ವ್ಸ್’ ಅಂದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ.

ಮೂರನೆಯದನ್ನು ನಾನು ಮರೆಯುವುದಿಲ್ಲ. ‘ದ ಲೆಫ್ಟ್ ವಾಲ್ವ್ ಓನ್ಲಿ ಈಸ್ ಲೀಕಿಂಗ್.’ ಎಡಗಡೆಯ ವಾಲ್ವೇ ಸೋರುತ್ತಿರುವುದು ಅಂತ. ಟೀಚರ್ ಅದನ್ನು ತಿದ್ದಲಿಲ್ಲ. ಪಕ್ಕದಲ್ಲಿ ಒಂದು ಪ್ರಶ್ನೆ ಬರೆದಿದ್ದರು: ‘ಬಲಗಡೆಯದನ್ನು ಪರೀಕ್ಷಿಸಿ, ಅದು ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಂಡಿದ್ದೀರಾ? ಹೌದಾದರೆ ಓನ್ಲಿ ದ ಲೆಫ್ಟ್ ವಾಲ್ವ್ ಅನ್ನಿ. ಇಲ್ಲವಾದರೆ ಓನ್ಲಿ ಅನ್ನುವ ಹಕ್ಕು ನಿಮಗಿಲ್ಲ.’

ನಾನು ಬಲಗಡೆಯದನ್ನು ನೋಡಿರಲಿಲ್ಲ. ನೀರು ಎಡಗಡೆಯಿಂದ ಬರುತ್ತಿತ್ತು, ಎಡಗಡೆಯದನ್ನು ಬಿಚ್ಚಿದ್ದೆ, ಅಷ್ಟೇ. ‘ಎಡಗಡೆಯದೇ’ ಅಂತ ಕನ್ನಡದಲ್ಲಿ ಹೇಳುವಾಗ ನಾನು ಎಡಗಡೆಯದನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ಇಂಗ್ಲಿಷಿನ ‘ಓನ್ಲಿ’ ಹಾಕಿದ ಕೂಡಲೇ ಆ ವಾಕ್ಯ ಬಲಗಡೆಯ ವಾಲ್ವಿನ ಬಗ್ಗೆಯೂ ಸಾಕ್ಷಿ ಹೇಳತೊಡಗುತ್ತದೆ. ಹೆಸರಿಸದೇ ಇರುವ ಎಲ್ಲದರ ಬಗ್ಗೆಯೂ ‘ಅದಲ್ಲ, ಅದೂ ಅಲ್ಲ’ ಅಂತ ಹೇಳುವ ಪದ ಅದು. ಆ ಪ್ರಶ್ನೆ ಓದಿದ ಮೇಲೆ ನಾನು ರಿಪೋರ್ಟ್ ಬರೆಯುವ ರೀತಿ ಬದಲಾಯಿತು, ನಿಜ ಹೇಳಬೇಕೆಂದರೆ ಯಂತ್ರ ನೋಡುವ ರೀತಿಯೂ ಬದಲಾಯಿತು. ‘ಓನ್ಲಿ’ ಬರೆಯಲು ಕೈ ಹೋದಾಗ, ಮಿಕ್ಕವನ್ನು ನೋಡಿದ್ದೇನಾ ಅಂತ ಕೇಳಿಕೊಳ್ಳುತ್ತೇನೆ. ನೋಡಿಲ್ಲದಿದ್ದರೆ ‘ದ ಲೆಫ್ಟ್ ವಾಲ್ವ್ ಈಸ್ ಲೀಕಿಂಗ್’ ಅಂತ ನಿಲ್ಲಿಸುತ್ತೇನೆ, ಇಲ್ಲವೇ ಎದ್ದು ಹೋಗಿ ನೋಡಿ ಬರುತ್ತೇನೆ.

ತಿದ್ದಿದ ಪುಟ ಬರುವುದು ತಡ ಅನ್ನುವುದು ಎರಡನೇ ದೂರು. ಮೂರು ದಿನ ಅಂತ ಹೇಳುತ್ತಾರೆ, ನನಗೆ ಒಮ್ಮೆ ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಮುಂದಿನ ಪಾಠ ಬಂದುಬಿಟ್ಟಿರುತ್ತದೆ. ನೇರ ತರಗತಿಯಲ್ಲಿ ನಾವು ನಲವತ್ತು ಜನ ಇದ್ದೆವು, ಒಂದು ಗಂಟೆಯಲ್ಲಿ ಎಲ್ಲರಿಗೂ ಸರದಿ ಬರುವುದು ಸಾಧ್ಯವೇ ಇಲ್ಲ. ಅರ್ಧ ಜನ ಸಾಕಾಗಿತ್ತು.

ಒಂಬತ್ತನೇ ಪಾಠ ನನ್ನ ಮಟ್ಟಿಗೆ ಬಹಳ ಚಿಕ್ಕದಾಯಿತು. ವಾಕ್ಯದ ಶುರುವಿಗೆ ‘ಓನ್ಲಿ’ ಬಂದಾಗ ಮುಂದಿನ ಪದಗಳ ಜಾಗ ಅದಲುಬದಲಾಗುವ ವಿಷಯ. ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್.’ ‘ಓನ್ಲಿ ವೆನ್ ದ ಪ್ರೆಷರ್ ಫೆಲ್ ಡಿಡ್ ಹಿ ಓಪನ್ ದ ವಾಲ್ವ್.’ ಆದರೆ ‘ಓನ್ಲಿ ದ ಎಂಜಿನಿಯರ್ ಕೇಮ್’ ಅನ್ನುವಲ್ಲಿ ‘ಡಿಡ್’ ಬರುವುದಿಲ್ಲ, ಯಾಕೆಂದರೆ ಅಲ್ಲಿ ‘ಓನ್ಲಿ’ ಕರ್ತೃವಿಗೇ ಸೇರಿದೆ. ನಿಯಮ ಹೇಳಿ ನಾಲ್ಕು ಉದಾಹರಣೆ ಕೊಟ್ಟು ಮುಂದೆ ಹೋದರು. ನನಗೆ ಇದು ಹಿಡಿತಕ್ಕೆ ಬರಲು ಒಂದು ವಾರ ಬೇಕಾಯಿತು, ಬಂದದ್ದು ಕನ್ನಡದ ಮೂಲಕ. ‘ಆಗ ನನಗೆ ಅರ್ಥವಾಯಿತು’ ಅನ್ನುವ ನಾವು, ‘ಏ’ ಹಚ್ಚಿದ ಕೂಡಲೇ ‘ಆಗಲೇ ನನಗೆ ಅರ್ಥವಾದದ್ದು’ ಅನ್ನುತ್ತೇವಲ್ಲ! ‘ನಾನು ಮಾಡಿದೆ’ ಅನ್ನುವುದು ‘ನಾನೇ ಮಾಡಿದ್ದು’ ಆಗುತ್ತದೆ. ಒಂದು ಪದದ ಮೇಲೆ ಬೆಳಕು ಬಿದ್ದರೆ ನಮ್ಮಲ್ಲೂ ಕ್ರಿಯಾಪದ ಸುಮ್ಮನೆ ಇರುವುದಿಲ್ಲ, ರೂಪ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಅದು ಜಾಗ ಬದಲಿಸುತ್ತದೆ. ಎರಡೂ ಒಂದೇ ನಿಯಮವಲ್ಲ ಅನ್ನುವುದು ಗೊತ್ತು, ಆದರೂ ಹೀಗೆ ನೋಡಿದ ಮೇಲೆ ಆ ‘ಡಿಡ್’ ನನಗೆ ಪರಕೀಯ ಅನ್ನಿಸಲಿಲ್ಲ. ಇದನ್ನು ಕೊನೆಯ ನೇರ ತರಗತಿಯಲ್ಲಿ ಹೇಳಿದಾಗ ಟೀಚರ್ ಬರೆದುಕೊಂಡರು.

‘ಇಫ್ ಓನ್ಲಿ’, ‘ಓನ್ಲಿ ಇಫ್’ ಇವೆರಡರ ಪಾಠ ಚೆನ್ನಾಗಿದೆ. ಮೊದಲನೆಯದು ಹಂಬಲ: ‘ಇಫ್ ಓನ್ಲಿ ಐ ಹ್ಯಾಡ್ ಆಸ್ಕ್ಡ್’, ಕೇಳಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಎರಡನೆಯದು ಷರತ್ತು. ‘ಓನ್ಲಿ ಟೂ ಹ್ಯಾಪಿ’ ಅಂದರೆ ಖುಷಿ ಕಡಿಮೆ ಅಂತಲ್ಲ, ತುಂಬಾ ಖುಷಿ ಅಂತ. ಇದು ನನಗೆ ಗೊತ್ತೇ ಇರಲಿಲ್ಲ. ಪದದ ಹುಟ್ಟಿನ ಬಗ್ಗೆ ಐದು ನಿಮಿಷ ಇದೆ: ಹಳೆಯ ಇಂಗ್ಲಿಷಿನ ‘ಆನ್‌ಲಿಕ್’, ಅಂದರೆ ‘ಒಂದರ ಹಾಗೆ’ ಅನ್ನುವುದರಿಂದ ಬಂದದ್ದು, ಅದರೊಳಗೆ ‘ಒನ್’ ಅಡಗಿದೆ. ನಮ್ಮ ‘ಒಂದೇ’ ನೆನಪಾಗಿ ಹಿತವೆನಿಸಿತು. ಹನ್ನೊಂದನೇ ಪಾಠ ಹಿಂದಿನದರ ಪುನರಾವರ್ತನೆ, ಬಿಟ್ಟರೂ ನಷ್ಟವಿಲ್ಲ.

ಯಾರಿಗೆ ಈ ಕೋರ್ಸ್ ಬೇಕು? ಇಂಗ್ಲಿಷಿನಲ್ಲಿ ಈಗಾಗಲೇ ಬರೆಯುತ್ತಿರುವವರಿಗೆ, ಬರೆದದ್ದನ್ನು ದೂರದಲ್ಲಿರುವ ಯಾರೋ ಓದಿ ಅದರ ಪ್ರಕಾರ ಕೆಲಸ ಮಾಡುತ್ತಾರೆ ಅನ್ನುವವರಿಗೆ, ಧಾರಾಳವಾಗಿ ಹೇಳುತ್ತೇನೆ, ಸೇರಿ. ಇಂಗ್ಲಿಷ್ ಈಗಷ್ಟೇ ಶುರು ಮಾಡಿದವರು ಸ್ವಲ್ಪ ಕಾಯುವುದು ಒಳ್ಳೆಯದು, ಕ್ವಿಜ್ ಅವರನ್ನು ಹೆದರಿಸುತ್ತದೆ. ‘ಲೈಕ್ ದಟ್ ಓನ್ಲಿ’ ಅಂತ ಸ್ನೇಹಿತರ ನಡುವೆ ಮಾತಾಡಿಕೊಂಡು ಆರಾಮಾಗಿ ಇರುವವರು ಅದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಅದು ನಮ್ಮ ನಡುವೆ ಎಲ್ಲರಿಗೂ ತಿಳಿಯುವ ಮಾತು, ನಾನೂ ಮನೆಯಲ್ಲಿ ಹಾಗೇ ಮಾತಾಡುತ್ತೇನೆ.

ಸೇರುವವರಿಗೆ ಒಂದು ಕಿವಿಮಾತು. ಮೊದಲ ಪಾಠಕ್ಕಿಂತ ಮುಂಚೆ ನಿಮ್ಮ ಹಳೆಯ ಮೇಲ್‌ಗಳಲ್ಲಿ ‘ಓನ್ಲಿ’ ಅಂತ ಹುಡುಕಿ, ಸಿಕ್ಕ ವಾಕ್ಯಗಳನ್ನೆಲ್ಲ ಒಂದು ಕಡೆ ಬರೆದಿಡಿ. ತಿದ್ದಲು ಕಳಿಸುವ ಪುಟ ಅದೇ ಆಗಿರಲಿ. ನಾನು ಮೊದಲ ಎರಡು ವಾರ ಕೋರ್ಸಿನವರು ಕೊಟ್ಟ ಮಾದರಿ ವಾಕ್ಯಗಳನ್ನೇ ಬರೆದು ಕಳಿಸಿದೆ, ಎಲ್ಲಕ್ಕೂ ‘ಸರಿ’ ಅಂತ ಬಂತು, ಏನೂ ಕಲಿಯಲಿಲ್ಲ. ಬಲಗಡೆಯ ವಾಲ್ವಿನ ಪ್ರಶ್ನೆ ಬಂದದ್ದು ನನ್ನದೇ ವಾಕ್ಯ ಕಳಿಸಿದ ವಾರ.